ಹೊಸದೆಲ್ಲ ನಿಜವಲ್ಲ: ಒಂದೇ ಪಾಸ್‌ವರ್ಡ್ ಫೈಲಿಗೆ ಎರಡು ಪ್ರತಿ ಹುಟ್ಟಿದಾಗ ಏನು ಮಾಡಬೇಕು?

ಭಾನುವಾರ ಬೆಳಗ್ಗೆ ದೇವದುರ್ಗದಿಂದ ಫೋನ್ ಬಂತು. "ಅಣ್ಣ, ಫೋಲ್ಡರ್‌ನಾಗ ಎರಡು ಫೈಲ್ ಅದಾವು. ಒಂದಕ್ಕ ಉದ್ದಕ ಹೆಸರು ಬಂದೈತಿ, ಕಾನ್‌ಫ್ಲಿಕ್ಟ್ ಅಂತ. ಅದನ್ನ ಡಿಲೀಟ್ ಹೊಡೀಲೇನು?"

"ಬ್ಯಾಡ, ತಡಿ" ಅಂದೆ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಮುಂದಿನ ಅರ್ಧ ಗಂಟೆಯಲ್ಲಿ ನಾನೇ ಮಾಡಿದ ತಪ್ಪಿನಿಂದ ಒಬ್ಬ ಹುಡುಗಿಯ ವಿದ್ಯಾರ್ಥಿವೇತನ ಕೈತಪ್ಪುವ ಹಂತಕ್ಕೆ ಹೋಗಿತ್ತು. ಆ ತಪ್ಪಿನ ಲೆಕ್ಕ ಒಪ್ಪಿಸೋಕೆ ಇದನ್ನು ಬರೆಯುತ್ತಿದ್ದೇನೆ. ಊರೂರಲ್ಲಿ ನಮ್ಮಂಥ ಗುಂಪುಗಳು ಇವೆ, ಎಲ್ಲರ ಲ್ಯಾಪ್‌ಟಾಪಿನಲ್ಲೂ ಇಂಥದ್ದೊಂದು ಫೈಲ್ ಇದೆ. ಇವತ್ತಲ್ಲ ನಾಳೆ ಅದು ಎರಡಾಗುತ್ತದೆ.

ಆ ಫೈಲ್ ಯಾಕೆ ಇತ್ತು?

ನಮ್ಮದು ಹೆಸರು, ಬೋರ್ಡು ಯಾವುದೂ ಇಲ್ಲದ ಸಣ್ಣ ಗುಂಪು. ರಾಯಚೂರಿನಲ್ಲಿ ನಾನು, ದೇವದುರ್ಗದಲ್ಲಿ ಒಬ್ಬ ತಮ್ಮ, ಮಾನ್ವಿಯಲ್ಲಿ ಒಬ್ಬ ಅಕ್ಕ. ಹುಡುಗ ಹುಡುಗಿಯರಿಗೆ ಅರ್ಜಿ ಹಾಕಿಕೊಡುವುದು ನಮ್ಮ ಕೆಲಸ. ವಿದ್ಯಾರ್ಥಿವೇತನ, ಹಾಸ್ಟೆಲ್, ಸಿಇಟಿ, 371(ಜೆ) ಪ್ರಮಾಣಪತ್ರ, ನೇಮಕಾತಿ. ಪ್ರತಿಯೊಂದಕ್ಕೂ ಒಂದೊಂದು ಪೋರ್ಟಲ್, ಒಂದೊಂದು ಲಾಗಿನ್, ಒಂದೊಂದು ಪಾಸ್‌ವರ್ಡ್. ಅಪ್ಪ ಅಮ್ಮ ಗುಳೆ ಹೋಗಿರುತ್ತಾರೆ, ಒಟಿಪಿ ಬರುವ ಫೋನು ಅವರ ಜೊತೆಗೇ ಬೆಂಗಳೂರಿನ ಕಟ್ಟಡದ ಸೈಟಿಗೋ ಪುಣೆಗೋ ಹೋಗಿರುತ್ತದೆ. ಪಾಸ್‌ವರ್ಡ್ ಮರೆತರೆ ಅಲ್ಲಿಗೆ ಫೋನು ಮಾಡಿ, ಅವರು ಕೆಲಸ ಬಿಟ್ಟು ಪಕ್ಕಕ್ಕೆ ಬಂದು, ಮೆಸೇಜು ಓದಿ ಹೇಳಬೇಕು. ಅಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ.

ಹೀಗಾಗಿ ಹುಡುಗರೇ ಕೇಳೋರು: "ಪಾಸ್‌ವರ್ಡ್ ನಿಮ್ಮ ಹತ್ರಾನೇ ಇಟ್ಕೊಳ್ರಿ ಅಣ್ಣ." ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆವು, ಅದು ಇನ್ನೂ ಅಪಾಯ. ಕೊನೆಗೆ ಕೀಪಾಸ್‌ಎಕ್ಸ್‌ಸಿಗೆ ಬಂದೆವು. ದುಡ್ಡು ಕೊಡಬೇಕಾಗಿಲ್ಲದ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದಾದ ತಂತ್ರಾಂಶ ಅದು. ಡೊಮಿನಿಕ್ ರೈಖ್ಲ್ ಅನ್ನುವವರು 2003ರಲ್ಲಿ ಬಿಡುಗಡೆ ಮಾಡಿದ ಕೀಪಾಸ್‌ನ ಬಳಗಕ್ಕೆ ಸೇರಿದ್ದು. ಎಲ್ಲ ಪಾಸ್‌ವರ್ಡೂ ಒಂದೇ ಫೈಲಿನಲ್ಲಿ ಬೀಗ ಹಾಕಿ ಇರುತ್ತವೆ, ಆ ಬೀಗಕ್ಕೆ ಒಂದೇ ಮಾಸ್ಟರ್ ಪಾಸ್‌ವರ್ಡ್. ಈ ಫೈಲು ಯಾವ ಕಂಪನಿಯ ಸರ್ವರಿನಲ್ಲೂ ಇರಬೇಕಾಗಿಲ್ಲ. ನಾವು ಅದನ್ನು ಸಿಂಕ್ ಆಗುವ ಫೋಲ್ಡರ್ ಒಂದರಲ್ಲಿ ಇಟ್ಟೆವು. ಮೂರೂ ಊರಲ್ಲಿ ಒಂದೇ ಫೈಲ್. ಯಾರು ತಿದ್ದಿದರೂ ಉಳಿದ ಇಬ್ಬರಿಗೂ ತಲುಪುತ್ತದೆ ಅಂದುಕೊಂಡಿದ್ದೆವು.

ಎರಡಾಗಿದ್ದು ಹೇಗೆ?

ಶನಿವಾರ ದೇವದುರ್ಗದಲ್ಲಿ ಕರೆಂಟು ಹೋಗಿ, ಹಿಂದೆಯೇ ನೆಟ್‌ವರ್ಕೂ ಹೋಯಿತು. 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ ಇರುವ ಜಿಲ್ಲೆ ನಮ್ಮದು. ಶಕ್ತಿನಗರದ ಬೆಳಕು ರಾಜ್ಯಕ್ಕೆಲ್ಲ ಹೋಗುತ್ತದೆ, ನಮ್ಮ ತಮ್ಮನ ಲ್ಯಾಪ್‌ಟಾಪು ಮಾತ್ರ ಬ್ಯಾಟರಿ ಮೇಲೆ ನಡೀತಿತ್ತು.

ಅದೇ ದಿನ ಮಧ್ಯಾಹ್ನ 12ಕ್ಕೆ ಮಾನ್ವಿಯ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗಿ ಅಕ್ಕನ ಹತ್ತಿರ ಬಂದಳು. ಅವಳ ಊರು ದೇವದುರ್ಗ ತಾಲೂಕಿನಲ್ಲಿ. ಪೋರ್ಟಲ್ ಹಳೆ ಪಾಸ್‌ವರ್ಡ್ ಬದಲಿಸಲು ಕೇಳುತ್ತಿತ್ತು. ಬೆಂಗಳೂರಿನಲ್ಲಿದ್ದ ಅಪ್ಪನಿಗೆ ಫೋನ್ ಮಾಡಿ, ಒಟಿಪಿ ಪಡೆದು, ಹೊಸ ಪಾಸ್‌ವರ್ಡ್ ಹಾಕಿ, ಅಕ್ಕ ಅದನ್ನು ಫೈಲಿನಲ್ಲಿ ಉಳಿಸಿದರು. ಸೋಮವಾರ ಅರ್ಜಿಗೆ ಕೊನೆ ದಿನ.

ಸಂಜೆ 4ಕ್ಕೆ ಅದೇ ಹುಡುಗಿಯ ಕಾಕಾ ದೇವದುರ್ಗದಲ್ಲಿ ನಮ್ಮ ತಮ್ಮನಿಗೆ ಸಿಕ್ಕಿ, "ನಮ್ಮಣ್ಣ ಇನ್ನೊಂದು ನಂಬರ್ ತಗೊಂಡಾನ, ಬರ್ಕೋ" ಅಂದರು. ತಮ್ಮ ಅದೇ ಹುಡುಗಿಯ ದಾಖಲೆ ತೆರೆದು, ಟಿಪ್ಪಣಿ ಜಾಗದಲ್ಲಿ ನಂಬರ್ ಸೇರಿಸಿ ಸೇವ್ ಮಾಡಿದ. ಅವನ ಲ್ಯಾಪ್‌ಟಾಪಿಗೆ ಮಾನ್ವಿಯ ಬದಲಾವಣೆ ಇನ್ನೂ ತಲುಪಿರಲಿಲ್ಲ. ಅವನ ಪ್ರತಿಯಲ್ಲಿ ಇದ್ದದ್ದು ಹಳೆ ಪಾಸ್‌ವರ್ಡೇ.

ಭಾನುವಾರ ನೆಟ್ ಬಂತು. ಸಿಂಕ್ ಆ್ಯಪ್ ನೋಡಿದರೆ, ಒಂದೇ ಹೆಸರಿನ ಫೈಲು ಎರಡೂ ಕಡೆ ಬೇರೆ ಬೇರೆ ಥರ ಬದಲಾಗಿದೆ. ಯಾವುದು ಬೇಕು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಎರಡನ್ನೂ ಉಳಿಸಿತು. ಡ್ರಾಪ್‌ಬಾಕ್ಸ್‌ನಲ್ಲಿ ಇಂಥ ಫೈಲಿಗೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಅಂತ ಹೆಸರು ಸೇರುತ್ತದೆ. ಸಿಂಕ್‌ಥಿಂಗ್‌ನಲ್ಲಿ 'ಸಿಂಕ್-ಕಾನ್‌ಫ್ಲಿಕ್ಟ್' ಅಂತ, ಹಿಂದೆ ತಾರೀಕು ಮತ್ತು ಸಮಯ. ಸಿಂಕ್‌ಥಿಂಗ್‌ನ ಪದ್ಧತಿ ಏನೆಂದರೆ, ಎರಡರಲ್ಲಿ ಮೊದಲು ಸೇವ್ ಆದ ಫೈಲಿಗೆ ಕಾನ್‌ಫ್ಲಿಕ್ಟ್ ಹೆಸರು, ಆಮೇಲೆ ಸೇವ್ ಆದದ್ದಕ್ಕೆ ಮೂಲ ಹೆಸರು. ನಮ್ಮಲ್ಲೂ ಆದದ್ದು ಅದೇ ಥರ. 4 ಗಂಟೆಯ ದೇವದುರ್ಗದ ಪ್ರತಿ ಅಸಲಿ ಹೆಸರಿನಲ್ಲಿ ಕೂತಿತ್ತು, 12 ಗಂಟೆಯ ಮಾನ್ವಿ ಪ್ರತಿಗೆ ಉದ್ದನೆ ಹೆಸರು ಬಿದ್ದಿತ್ತು.

ಅಂದರೆ ತಮ್ಮ ಡಿಲೀಟ್ ಮಾಡಲಾ ಅಂತ ಕೇಳಿದ ಫೈಲಿನಲ್ಲೇ ಹೊಸ ಪಾಸ್‌ವರ್ಡ್ ಇತ್ತು. 'ಕಾನ್‌ಫ್ಲಿಕ್ಟ್' ಅನ್ನುವ ಹೆಸರು ನೋಡಿ ಅದು ಕಸ ಅಂದುಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು.

ಎರಡನ್ನೂ ತೆರೆದು ಹೋಲಿಸಿದರೆ ಸಾಲದೇ?

ಸಾದಾ ಪಠ್ಯದ ಫೈಲಾಗಿದ್ದರೆ ಸಾಲು ಸಾಲು ಹೋಲಿಸಬಹುದಿತ್ತು. ಇದು ಬೀಗ ಹಾಕಿದ ಫೈಲು. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ, ಸೇವ್ ಮಾಡುವಾಗ ಇಡೀ ಫೈಲು ಹೊಸದಾಗಿ ಗೂಢಲಿಪಿಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡು ಪ್ರತಿಗಳಿಗೆ ಸಂಬಂಧವೇ ಇಲ್ಲದಂತೆ ಕಾಣುತ್ತದೆ. ಅದಕ್ಕೇ ಸಿಂಕ್ ಆ್ಯಪಿಗೆ ಇವನ್ನು ಕೂಡಿಸಲು ಆಗುವುದಿಲ್ಲ. ಬೀಗದ ಕೈ ಇದ್ದವರೇ, ಒಳಗೆ ಹೋಗಿ, ಕೂಡಿಸಬೇಕು.

ಕೀಪಾಸ್‌ಎಕ್ಸ್‌ಸಿಯಲ್ಲಿ ಅದಕ್ಕೊಂದು ಸೌಲಭ್ಯ ಇದೆ. ಒಂದು ಪ್ರತಿ ತೆರೆದುಕೊಂಡು, ಡೇಟಾಬೇಸ್ ಮೆನುವಿನಲ್ಲಿ 'ಮರ್ಜ್ ಫ್ರಮ್ ಡೇಟಾಬೇಸ್' ಒತ್ತಿ, ಇನ್ನೊಂದು ಪ್ರತಿಯನ್ನು ತೋರಿಸಬೇಕು. ಮೂಲ ಕೀಪಾಸ್‌ನಲ್ಲಿ ಇದಕ್ಕೆ 'ಸಿಂಕ್ರೊನೈಸ್' ಅಂತ ಹೆಸರು. ಒಂದು ವ್ಯತ್ಯಾಸ ನೆನಪಿಡಿ: ಕೀಪಾಸ್‌ನ ಸಿಂಕ್ರೊನೈಸ್ ಎರಡೂ ಫೈಲುಗಳನ್ನು ತಿದ್ದುತ್ತದೆ. ಕೀಪಾಸ್‌ಎಕ್ಸ್‌ಸಿಯ ಮರ್ಜ್ ನೀವು ತೆರೆದಿರುವ ಫೈಲಿಗೆ ಮಾತ್ರ ಸೇರಿಸುತ್ತದೆ, ಇನ್ನೊಂದನ್ನು ಮುಟ್ಟುವುದಿಲ್ಲ.

ನಾನು ಮರ್ಜ್ ಒತ್ತಿದೆ. ಆಯ್ತು ಅಂತ ಹೇಳಿತು. ಹುಡುಗಿಯ ದಾಖಲೆ ತೆರೆದು, ಪಾಸ್‌ವರ್ಡ್ ಕಾಪಿ ಮಾಡಿ, ಪೋರ್ಟಲಿನಲ್ಲಿ ಹಾಕಿದೆ. ತಪ್ಪು. ಮತ್ತೆ ಹಾಕಿದೆ. ತಪ್ಪು. ಮೂರನೇ ಸಲಕ್ಕೆ ಖಾತೆಯೇ ಲಾಕ್ ಆಯಿತು, ನಾಳೆ ಬನ್ನಿ ಅಂತು. ನಾಳೆ ಅಂದರೆ ಕೊನೆ ದಿನ.

ಮಾನ್ವಿಯ ಅಕ್ಕನಿಗೆ ಫೋನ್ ಮಾಡಿದರೆ, "ನಾನು ನಿನ್ನೆ ಬದಲಿ ಮಾಡಿ ಸೇವ್ ಮಾಡೀನಲ್ಲೋ ತಮ್ಮಾ!" ಅಂದರು. ಅವರು ಮಾಡಿದ್ದು ನಿಜ. ಹಾಗಾದರೆ ಅದು ಎಲ್ಲಿ ಹೋಯಿತು?

ಮರ್ಜ್ ಒಳಗೆ ನಡೆಯುವುದೇನು?

ಫೈಲಿನಲ್ಲಿರುವ ಪ್ರತಿಯೊಂದು ದಾಖಲೆಗೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಯುಯುಐಡಿ ಅಂತಾರೆ. ಹೆಸರು ಬದಲಿಸಿದರೂ ಗುಂಪು ಬದಲಿಸಿದರೂ ಅದು ಬದಲಾಗುವುದಿಲ್ಲ. ಅದರ ಜೊತೆಗೆ ಯಾವಾಗ ಹುಟ್ಟಿತು, ಕೊನೆಗೆ ಯಾವಾಗ ತಿದ್ದಿದ್ದು ಅನ್ನುವ ಸಮಯ, ಮತ್ತು ಹಿಂದಿನ ರೂಪಗಳ ಇತಿಹಾಸ ಇರುತ್ತದೆ. ಏನಾದರೂ ಅಳಿಸಿದರೆ, 'ಇಂಥ ಸಂಖ್ಯೆಯದ್ದು ಇಂಥ ಹೊತ್ತಿಗೆ ಅಳಿಸಲಾಗಿದೆ' ಅನ್ನುವ ಗುರುತೂ ಉಳಿಯುತ್ತದೆ. ಇಲ್ಲದಿದ್ದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯಿಂದ ಮತ್ತೆ ಎದ್ದು ಬರುತ್ತಿತ್ತು.

ಮರ್ಜ್ ಮಾಡುವಾಗ ತಂತ್ರಾಂಶ ಯುಯುಐಡಿ ಹಿಡಿದು ಜೋಡಿ ಹುಡುಕುತ್ತದೆ. ಒಂದರಲ್ಲಿ ಮಾತ್ರ ಇರುವ ದಾಖಲೆಯನ್ನು ತಂದು ಸೇರಿಸುತ್ತದೆ. ಎರಡರಲ್ಲೂ ಇದ್ದು ಬೇರೆ ಬೇರೆ ಆಗಿದ್ದರೆ, ಕೊನೆಗೆ ತಿದ್ದಿದ್ದು ಮೇಲೆ ನಿಲ್ಲುತ್ತದೆ, ಸೋತದ್ದು ಇತಿಹಾಸಕ್ಕೆ ಹೋಗುತ್ತದೆ.

ಎಡವಟ್ಟು ಆಗಿದ್ದು ಇಲ್ಲೇ. ಈ ತೀರ್ಮಾನ ಇಡೀ ದಾಖಲೆಗೆ ಒಂದೇ. ಪಾಸ್‌ವರ್ಡ್ ಇಲ್ಲಿಂದ, ಟಿಪ್ಪಣಿ ಅಲ್ಲಿಂದ ಅಂತ ಆರಿಸಿಕೊಳ್ಳುವುದಿಲ್ಲ. ದೇವದುರ್ಗದ ತಮ್ಮ ಮುಟ್ಟಿದ್ದು ಟಿಪ್ಪಣಿ ಮಾತ್ರ. ಆದರೆ ಅವನು ಸೇವ್ ಮಾಡಿದ್ದು 4 ಗಂಟೆಗೆ. ಹಾಗಾಗಿ ಅವನ ಇಡೀ ದಾಖಲೆ, ಅದರೊಳಗಿನ ಹಳೆ ಪಾಸ್‌ವರ್ಡ್ ಸಮೇತ, 12 ಗಂಟೆಯ ಹೊಸ ಪಾಸ್‌ವರ್ಡನ್ನು ಕೆಳಗೆ ತಳ್ಳಿತು.

ತಂತ್ರಾಂಶ ತಪ್ಪು ಮಾಡಲಿಲ್ಲ. ಅದು ಕೇಳಿದ ಪ್ರಶ್ನೆ 'ಯಾವುದು ಹೊಸದು?' ನಮಗೆ ಬೇಕಿದ್ದ ಉತ್ತರ 'ಯಾವುದು ನಿಜ?' ಎರಡನ್ನೂ ಒಂದೇ ಅಂದುಕೊಂಡಿದ್ದು ನಾನು.

'ಹೊಸದು' ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಅದು ಆಯಾ ಯಂತ್ರದ ಗಡಿಯಾರ ಹೇಳಿದ ಮಾತು. ಹಳೆ ಲ್ಯಾಪ್‌ಟಾಪಿನ ಒಳಗಿನ ಗುಂಡು ಸೆಲ್ ಸತ್ತಿದ್ದರೆ, ಬ್ಯಾಟರಿ ಪೂರ್ತಿ ಇಳಿದು ಮತ್ತೆ ಆನ್ ಆದಾಗ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ನೆಟ್ ಇದ್ದರೆ ತಾನೇ ಸರಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಅಂಥ ಯಂತ್ರದಲ್ಲಿ ಇವತ್ತು ಬದಲಿಸಿದ ಪಾಸ್‌ವರ್ಡ್, ಮರ್ಜ್ ಮಾಡುವಾಗ ಪುರಾತನ ಅನ್ನಿಸಿಕೊಂಡು ಸೋಲುತ್ತದೆ. ಬೇರೆ ಬೇರೆ ಯಂತ್ರಗಳ ಗಡಿಯಾರ ನಂಬಿ ಯಾವುದು ಮೊದಲು ಯಾವುದು ಆಮೇಲೆ ಅಂತ ಹೇಳುವುದು ಎಷ್ಟು ಕಷ್ಟ ಅಂತ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದಾರೆ. ಕಂಪ್ಯೂಟರ್ ವಿಜ್ಞಾನಕ್ಕೆ ಅದು ಹಳೆ ಕಥೆ. ನಮಗೆ ಗೊತ್ತಾಗಿದ್ದು ಖಾತೆ ಲಾಕ್ ಆದಮೇಲೆ.

ಹೊಸ ಪಾಸ್‌ವರ್ಡ್ ಕೊನೆಗೂ ಸಿಕ್ಕಿತು. ದಾಖಲೆಯನ್ನು ತಿದ್ದುವ ಕಿಟಕಿಯಲ್ಲಿ 'ಹಿಸ್ಟರಿ' ಅಂತ ಇದೆ. ಅದರಲ್ಲಿ ಶನಿವಾರ 12 ಗಂಟೆಯ ರೂಪ ಸುರಕ್ಷಿತವಾಗಿ ಕೂತಿತ್ತು. ಸೋಮವಾರ ಬೆಳಗ್ಗೆ ಲಾಕ್ ಬಿಟ್ಟಿತು, ಹತ್ತು ಗಂಟೆಗೆ ಲಾಗಿನ್ ಆಯಿತು, ಅರ್ಜಿ ಹೋಯಿತು. ಆ ರಾತ್ರಿ ಮೂವರೂ ನಿದ್ದೆ ಮಾಡಿರಲಿಲ್ಲ. ಆ ದುಡ್ಡು ಬರದಿದ್ದರೆ ಆ ಹುಡುಗಿ ಫೀ ಕಟ್ಟುವಂತಿರಲಿಲ್ಲ, ಊರಿಗೆ ವಾಪಸ್ ಹೋಗಬೇಕಿತ್ತು, ಅಥವಾ ಅಪ್ಪನ ಹಿಂದೆ ಗುಳೆ.

ಮಸ್ಕಿಯ ಬಂಡೆ ಹೇಳುವ ಮಾತು

ಪ್ರತಿಗಳನ್ನು ಯಾಕೆ ಎಸೆಯಬಾರದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಅಶೋಕನ ಕಿರು ಶಿಲಾಶಾಸನ ಒಂದೇ ಕಡೆ ಇಲ್ಲ. ಸ್ವಲ್ಪ ಸ್ವಲ್ಪ ವ್ಯತ್ಯಾಸದೊಂದಿಗೆ ಹಲವು ಕಡೆ ಕೆತ್ತಿಸಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಪ್ರತಿಗಳು 1892ರಲ್ಲೇ ಬಿ.ಎಲ್. ರೈಸ್ ಅವರಿಗೆ ಸಿಕ್ಕಿದ್ದವು. ಅವುಗಳಲ್ಲಿ ರಾಜನಿಗೆ 'ದೇವಾನಾಂಪಿಯ' ಅನ್ನುವ ಬಿರುದು ಮಾತ್ರ ಇದೆ. ಸಿಂಹಳದ ಗ್ರಂಥಗಳ ಆಧಾರದಲ್ಲಿ ಅದು ಅಶೋಕನೇ ಅಂತ ವಿದ್ವಾಂಸರು ಹೇಳಿದ್ದರು ನಿಜ. ಆದರೆ ಬಂಡೆಯೇ ಆ ಹೆಸರು ಹೇಳಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಆ ಪ್ರತಿಯಲ್ಲಿ ಬಿರುದಿನ ಜೊತೆಗೆ 'ಅಶೋಕ' ಅನ್ನುವ ಹೆಸರೂ ಇತ್ತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಮಧ್ಯಪ್ರದೇಶದ ಗುಜರ್ರಾದಲ್ಲೂ ಹೆಸರಿರುವ ಪ್ರತಿಗಳು ಸಿಕ್ಕವು.

'ಮೂರು ಪ್ರತಿ ಇವೆಯಲ್ಲ, ನಾಲ್ಕನೆಯದು ಯಾಕೆ' ಅಂತ ಯಾರಾದರೂ ಆ ಬಂಡೆ ಒಡೆದು ಜಲ್ಲಿ ಮಾಡಿದ್ದರೆ? ಒಂದು ಪ್ರತಿಯಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಓದಿ ಹೋಲಿಸುವವರೆಗೆ ಯಾವುದು ಹೆಚ್ಚುವರಿ ಅಂತ ಹೇಳೋಕೆ ಆಗಲ್ಲ.

ನಿಮಗೆ ಹೀಗಾದರೆ ಏನು ಮಾಡಬೇಕು?

ನಾವು ಈಗ ಅನುಸರಿಸುವ ಕ್ರಮ ಇದು.

1. ಮೊದಲು ಎಲ್ಲರಿಗೂ ಫೋನ್ ಮಾಡಿ, 'ಫೈಲ್ ಮುಟ್ಟಬೇಡಿ' ಅನ್ನಿ. ಸಿಂಕ್ ನಿಲ್ಲಿಸಿ. ಒಬ್ಬರು ಸರಿಮಾಡುವಾಗ ಇನ್ನೊಬ್ಬರು ಸೇವ್ ಮಾಡಿದರೆ ಮೂರನೇ ಪ್ರತಿ ಹುಟ್ಟುತ್ತದೆ.

2. ಇರುವ ಎಲ್ಲ ಪ್ರತಿಗಳನ್ನೂ ಸಿಂಕ್ ಆಗದ ಬೇರೆ ಜಾಗಕ್ಕೆ, ಒಂದು ಪೆನ್‌ಡ್ರೈವಿಗಾದರೂ ಸರಿ, ಹಾಗೇ ನಕಲು ಮಾಡಿ. ಫೈಲಿನ ಹೆಸರಲ್ಲಿ ಊರು ಬರೆಯಿರಿ: ಮಾನ್ವಿ, ದೇವದುರ್ಗ.

3. ನಕಲುಗಳ ಮೇಲೆ ಮಾತ್ರ ಮರ್ಜ್ ಮಾಡಿ. ಮಧ್ಯದಲ್ಲಿ ಯಾರಾದರೂ ಮಾಸ್ಟರ್ ಪಾಸ್‌ವರ್ಡ್ ಬದಲಿಸಿದ್ದರೆ, ಆ ಹಳೆ ಪ್ರತಿ ಹಳೆ ಮಾಸ್ಟರ್ ಪಾಸ್‌ವರ್ಡಿಗೇ ತೆರೆಯುತ್ತದೆ. ಅದನ್ನು ಮರೆತಿರಬಾರದು.

4. ಮರ್ಜ್ ಆದಮೇಲೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ತಿದ್ದಿದ ಸಮಯದ ಪ್ರಕಾರ ಪಟ್ಟಿ ಜೋಡಿಸಿ. ಎಲ್ಲರ ಪ್ರತಿಯೂ ಒಂದೇ ಇದ್ದ ಕೊನೆಯ ದಿನದಿಂದ ಈಚೆಗೆ ಯಾವ್ಯಾವುದು ಬದಲಾಗಿದೆ ನೋಡಿ. ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ, ಅಷ್ಟೇ. ಅವುಗಳ ಹಿಸ್ಟರಿ ತೆರೆದು ಪಾಸ್‌ವರ್ಡ್ ಹೋಲಿಸಿ. ಹಿಸ್ಟರಿಗೂ ಮಿತಿ ಇದೆ, ಸೆಟ್ಟಿಂಗ್ ಬದಲಿಸದಿದ್ದರೆ ಒಂದು ದಾಖಲೆಗೆ 10 ಹಳೆ ರೂಪ. ಪದೇ ಪದೇ ಸೇವ್ ಮಾಡಿದರೆ ಬೇಕಾದದ್ದು ಹಿಂದಿನಿಂದ ಉದುರಿಹೋಗುತ್ತದೆ.

5. ಜೋಡಿ ದಾಖಲೆಗಳನ್ನು ಹುಡುಕಿ. ಒಬ್ಬನೇ ಹುಡುಗನಿಗೆ ಇಬ್ಬರು ಬೇರೆ ಬೇರೆ ಕಡೆ ಹೊಸ ದಾಖಲೆ ಮಾಡಿದ್ದರೆ ಯುಯುಐಡಿ ಬೇರೆ, ತಂತ್ರಾಂಶಕ್ಕೆ ಅವರು ಇಬ್ಬರು ಮನುಷ್ಯರು. ಯಾರೋ ಪೂರ್ತಿ ಪಟ್ಟಿಯನ್ನು ಸಿಎಸ್‌ವಿಗೆ ಇಳಿಸಿ ಮತ್ತೆ ಏರಿಸಿದ್ದರೆ ಎಲ್ಲವೂ ಜೋಡಿಯಾಗುತ್ತವೆ. ಸಿಎಸ್‌ವಿಗೆ ಬೀಗವೂ ಇಲ್ಲ, ಆ ದಾರಿಗೇ ಹೋಗಬೇಡಿ.

6. ಯಾವುದು ಸರಿ ಅಂತ ಊಹಿಸಿ ಪೋರ್ಟಲಿನಲ್ಲಿ ಒತ್ತಬೇಡಿ. ನಾನು ಮಾಡಿದ ತಪ್ಪು ಅದೇ. ಮೊದಲು ತಿದ್ದಿದವರನ್ನು ಕೇಳಿ, ಆಮೇಲೆ ಖಾತೆ ಯಾರದ್ದೋ ಅವರನ್ನು ಕೇಳಿ, ಆಮೇಲೆ ಒಂದೇ ಸಲ ಲಾಗಿನ್ ಮಾಡಿ ನೋಡಿ.

7. ಸರಿಯಾದ ಫೈಲನ್ನು ಸಿಂಕ್ ಫೋಲ್ಡರಿಗೆ ಹಾಕಿ, ಒಂದೊಂದೇ ಯಂತ್ರವನ್ನು ಜೋಡಿಸಿ. ಹಳೆ ನಕಲುಗಳನ್ನು ಒಂದು ತಿಂಗಳು ಇಟ್ಟುಕೊಂಡು ಆಮೇಲೆ ಅಳಿಸಿ. ಅವುಗಳಲ್ಲೂ ಜನರ ಪಾಸ್‌ವರ್ಡ್ ಇವೆ.

ಕೊನೆಯ ಮಾತು ಯಾರದ್ದು?

ಇದನ್ನು ಬರೀ ತಾಂತ್ರಿಕ ವಿಷಯ ಅಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ನಮ್ಮ ಕಡೆಯ ಜನರ ಬದುಕು ತುಂಬಾ ಒಂದಕ್ಕೊಂದು ತಾಳೆಯಾಗದ ಪ್ರತಿಗಳೇ ಇವೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಮೇಲೆ, ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತಾಯಿತು. ಅದರಿಂದ ಅನುಕೂಲವೂ ಆಯಿತು, ಇಲ್ಲ ಅನ್ನಲಾರೆ. ಆದರೆ ಟೈಪು ಮಾಡುವಾಗ ಹೆಸರು ತಪ್ಪಿದ್ದರೆ, ಹೊಸ ಪ್ರತಿಯೇ ಗೆದ್ದಿತು, ತಿದ್ದುಪಡಿಗೆ ಅಲೆಯುವ ಕೆಲಸ ರೈತನ ಪಾಲಿಗೆ ಬಂತು. ಯಾರ ಬದುಕಿನ ದಾಖಲೆಯೋ ಅವರನ್ನು ಕೇಳದೆ 'ಹೊಸದೇ ಸರಿ' ಅನ್ನುವ ನಿಯಮ ನಾನು ಆ ಭಾನುವಾರ ಮರ್ಜ್ ಒತ್ತಿದಾಗಿನದ್ದೇ. ನನ್ನ ಫೈಲಿನಲ್ಲಿ ಕಡೇಪಕ್ಷ ಹಿಸ್ಟರಿ ಇತ್ತು.

ಇನ್ನೊಂದು ಪ್ರಶ್ನೆ ನಮ್ಮನ್ನೇ ಕೇಳಿಕೊಳ್ಳಬೇಕಾದದ್ದು. ಅಷ್ಟು ಜನರ ಬೀಗದ ಕೈ ನಮ್ಮ ಹತ್ತಿರ ಯಾಕೆ ಇತ್ತು? ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ನಾವು ಆ ತೀರ್ಪಿನ ಬಗ್ಗೆ ಭಾಷಣ ಮಾಡಿದವರೇ. ಆದರೆ ಹಾಸ್ಟೆಲ್ ಹುಡುಗಿಯರ ಲಾಗಿನ್, ಬ್ಯಾಂಕ್ ವಿವರ, ಅಪ್ಪನ ನಂಬರ್ ಎಲ್ಲ ನಮ್ಮ ಮೂವರ ಲ್ಯಾಪ್‌ಟಾಪಿನಲ್ಲಿ ಇತ್ತು. ಸರ್ಕಾರ ಇಟ್ಟುಕೊಂಡರೆ ಕಣ್ಗಾವಲು, ನಾವು ಇಟ್ಟುಕೊಂಡರೆ ಸೇವೆ ಅನ್ನೋಕಾಗುತ್ತಾ? ಕೇಳಿಯೇ ಇಟ್ಟುಕೊಂಡಿದ್ದೆವು, ಹೌದು. ಆದರೆ ಬೇರೆ ದಾರಿ ತೋರಿಸದೆ ಪಡೆದ ಒಪ್ಪಿಗೆಗೆ ಎಷ್ಟು ತೂಕ?

ಈಗ ನಾವು ಬೇರೆ ಥರ ಮಾಡುತ್ತೇವೆ. ನಮ್ಮ ಫೈಲಿನಲ್ಲಿ ನಮ್ಮ ಗುಂಪಿನ ಖಾತೆಗಳು ಮಾತ್ರ. ಹುಡುಗರದ್ದು ಅರ್ಜಿ ಸಂಖ್ಯೆ ಮತ್ತು ಕೊನೆ ದಿನಾಂಕ ಮಾತ್ರ ಬರೆದುಕೊಳ್ಳುತ್ತೇವೆ. ಸ್ವಂತ ಫೋನು ಇರುವವರಿಗೆ ಅರ್ಧ ಗಂಟೆ ಕೂರಿಸಿ ಪಾಸ್‌ವರ್ಡ್ ಆ್ಯಪ್ ಹಾಕಿಕೊಡುತ್ತೇವೆ, ಮಾಸ್ಟರ್ ಪಾಸ್‌ವರ್ಡ್ ಅವರೇ ಹಾಕಿಕೊಳ್ಳುತ್ತಾರೆ, ನಾವು ಮುಖ ಆ ಕಡೆ ತಿರುಗಿಸುತ್ತೇವೆ. ಫೋನು ಇಲ್ಲದವರಿಗೆ ಒಂದು ಸಣ್ಣ ನೋಟ್‌ಬುಕ್, ಟ್ರಂಕಿನ ಒಳಗೆ. ಅದು ಕೂಡ ಒಂದು ಪ್ರತಿಯೇ. ಅದಕ್ಕೆ ನೆಟ್ ಬೇಡ, ಕರೆಂಟ್ ಬೇಡ, ಅದು ತಾನಾಗಿ ಎರಡಾಗುವುದೂ ಇಲ್ಲ.

ಆ ಹುಡುಗಿಗೆ ವಿದ್ಯಾರ್ಥಿವೇತನ ಬಂತು. ಮುಂದಿನ ತಿಂಗಳು ಮಾನ್ವಿಗೆ ಹೋದಾಗ ಕೇಳಿದೆ, ಪಾಸ್‌ವರ್ಡ್ ನೆನಪೈತೇನವ್ವ ಅಂತ. "ಬದಲಿ ಮಾಡೀನ್ರಿ ಅಣ್ಣ" ಅಂದಳು. ಏನು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.